ಒಂದೇ ಗೆರೆ

ಬಾಸ್ಸೆ ಪಟ್ಟಣದಲ್ಲಿ, ಗ್ಯಾಂಬಿಯಾ ನದಿಯಿಂದ ಎರಡು ಬೀದಿ ಈಚೆ,
ನಮ್ಮ ಕ್ಲಿನಿಕ್ಕಿನ ಮೇಜಿನ ಮೇಲೆ
ವೈಟ್ನರ್ ಬಾಟಲಿ ಇಡುವಂತಿಲ್ಲ.
ಪೆನ್ಸಿಲ್ಲೂ ಇಲ್ಲ, ರಬ್ಬರೂ ಇಲ್ಲ.
ತಪ್ಪಾದರೆ ಒಂದೇ ಗೆರೆ ಎಳಿ, ಎಂದಿದ್ದಳು ಹಿರಿಯ ನರ್ಸ್ ಪೆಂಡಾ,
ಕೆಳಗಿನ ಅಕ್ಷರ ಕಾಣುವ ಹಾಗೆ;
ಪಕ್ಕದಲ್ಲಿ ನಿನ್ನ ಚಿಕ್ಕ ಸಹಿ, ಇವತ್ತಿನ ತಾರೀಖು.
ಮುಚ್ಚಿಟ್ಟ ತಪ್ಪು ಮರಿ ಹಾಕುತ್ತದೆ.

ನಾನಾಗ ನಕ್ಕಿದ್ದೆ.

ಹರ್ಮಟಾನ್ ಗಾಳಿಯ ತಿಂಗಳು. ಮರಳುಗಾಡಿನ ಧೂಳು
ಫೈಲುಗಳ ಬೆನ್ನ ಮೇಲೆ, ಹಲ್ಲ ಸಂದಿಯಲ್ಲಿ.
ಬೆಳಿಗ್ಗೆ ಏಳಕ್ಕೆ ಲಸಿಕೆಯ ಫ್ರಿಜ್ಜಿನ ಮುಂದೆ ನಿಂತು
ಡಿಗ್ರಿ ಬರೆದುಕೊಳ್ಳುತ್ತೇನೆ: ನಾಲ್ಕೂವರೆ.
ಬಾಗಿ ಓದಿ ಬರೆಯುತ್ತೇನೆ, ನಿನ್ನೆಯ ಸಾಲು ನೋಡಿ ಅಲ್ಲ.
ಕೈ ರೂಢಿಗೆ ಬಿದ್ದರೆ ಕಣ್ಣು ನಿದ್ದೆ ಹೋಗುತ್ತದೆ.

ಆ ದಿನ ಸಿರಂದು ಬಂದಳು,
ಕತ್ತೆಗಾಡಿಯಲ್ಲಿ ಎರಡು ಗಂಟೆ,
ಬೆನ್ನಿಗೆ ಕಟ್ಟಿದ ಒಂಬತ್ತು ತಿಂಗಳ ಕೂಸು.
ಹನ್ನೊಂದು ಪುಟದ ಒಪ್ಪಿಗೆ ಪತ್ರ
ಸೆರಹುಲೆ ಮಾತಿನಲ್ಲಿ ಓದಿ ಹೇಳಿದೆ. ತಲೆಯಾಡಿಸಿದಳು.
ಹೆಬ್ಬೆಟ್ಟು ಒತ್ತಿದಳು. ಶಾಯಿ ಇನ್ನೂ ಹಸಿ,
ಆಗ ಬಂದ ಸಾಕ್ಷಿ, ದೆಂಬೊ, ಕೈಯಲ್ಲಿ ಚಹಾದ ಪುಟ್ಟ ಲೋಟ:
"ಎಲ್ಲಿ ಸಹಿ ಮಾಡಲಿ?"

ಸಾಕ್ಷಿ ಮೊದಲಿಂದ ಕೂತಿರಬೇಕು. ಕೂತಿರಲಿಲ್ಲ.
ಹನ್ನೆರಡಕ್ಕೆ ಹತ್ತು ನಿಮಿಷ. ಹೊರಗೆ ಸಾಲು.
ಅವನು ಬಂದ ಹೊತ್ತನ್ನು
ತುಸು ಹಿಂದಕ್ಕೆ ಜರುಗಿಸಿ ಬರೆದರೆ
ಯಾರ ಗಂಟು ಹೋದೀತು?
ಪೆನ್ನು ಕಾಗದದ ಮೇಲಿತ್ತು, ನಿಜ ಹೇಳುತ್ತೇನೆ.

ಹೆಬ್ಬೆಟ್ಟಿನ ಮೇಲೆ ಗೆರೆ ಎಳೆದೆ.
ಒಂದೇ. ಅದರ ಸುರುಳಿಗಳು ಕಾಣುವ ಹಾಗೆ.
ದೆಂಬೊನನ್ನು ಕೂರಿಸಿ, ಲೋಟ ಹೊರಗಿಡಿಸಿ,
ಅವಳ ಕ್ಷಮೆ ಕೇಳಿ, ಹೊಸ ಪ್ರತಿ ತೆಗೆದು
ಮತ್ತೆ ಮೊದಲ ಪುಟದಿಂದ.

ಏಳನೇ ಪುಟದಲ್ಲಿ ಅವಳು ಕೈ ಎತ್ತಿದಳು.
"ಬೇಡ ಅಂದರೆ
ಇವನಿಗೆ ಜ್ವರ ಬಂದಾಗ ಬಾಗಿಲು ಹಾಕುತ್ತೀರಾ?"
ಇಲ್ಲ ಎಂದೆ. ಅದು ನಾಲ್ಕನೇ ಪುಟದಲ್ಲೇ ಇತ್ತು.
ಎರಡು ಸಲ ಓದಿದ್ದೆ;
ಮೊದಲ ಸಲ ಬಹುಶಃ ನನಗೇ ಓದಿಕೊಂಡಿದ್ದೆ.
"ಹಾಗಾದರೆ ಇವನ ಅಜ್ಜಿಯನ್ನು ಕೇಳಿ ಹೇಳುತ್ತೇನೆ"
ಎಂದು ಕೂಸನ್ನು ಬೆನ್ನಿಗೇರಿಸಿ
ಗಾಡಿಯತ್ತ ನಡೆದಳು.

ಸಂಜೆ ಲೋಪಗಳ ಪುಸ್ತಕ ತೆರೆದೆ.
ಏನಾಯಿತು. ಯಾಕಾಯಿತು. ಇನ್ನು ಮುಂದೆ ಹೇಗೆ.
ಮುಂದೆ: ಸಾಕ್ಷಿ ಕೂತ ಮೇಲೆಯೇ ಮೊದಲ ಪುಟ ತಿರುವುವುದು.
ಯಾಕೆ ಎಂಬಲ್ಲಿ
ದೆಂಬೊನ ಚಹಾ ಎಂದು ಬರೆದು,
ಗೆರೆ ಎಳೆದು,
ನನ್ನ ಅವಸರ ಎಂದು ಬರೆದೆ.
ಸಹಿ. ತಾರೀಖು.
ಗೆರೆಯ ಕೆಳಗಿನ ಚಹಾ
ಇನ್ನೂ ಓದಲು ಬರುತ್ತದೆ.