ಕನ್ನಡಕದ ಕಡ್ಡಿ

ಕುಷ್ಟಗಿಯ ಮೊದಲ ಬಸ್ಸಿಳಿದು ಎರೆಹೊಲ ದಾಟಿ
ಏಳರೊಳಗೆ ಹಟ್ಟಿಯಲ್ಲಿರಬೇಕು ನಾನು,
ತಡವಾದರೆ ಕುರಿ ಗುಡ್ಡ ಹತ್ತಿರುತ್ತವೆ.
ಚೀಲದಲ್ಲಿ ಉಕ್ಕಿನ ಕ್ಯಾಲಿಪರ್, ಗೆರೆ ಎಳೆದ ವಹಿ,
ಅಳೆದ ಮರಿಯ ಬೆನ್ನಿಗಿಡಲು ನೀಲಿ ಬಣ್ಣ.

ಎಡಗಿವಿ. ಬಲಗಿವಿ. ಎಡ ಮುಂಗಾಲ ಎಲುಬು. ಬಲದ್ದು.
ಮತ್ತೆ ಮೊದಲಿಂದ. ಮೂರು ಸಲ,
ಹಿಂದಿನ ಅಂಕಿಯನ್ನು ಅಂಗೈಲಿ ಮುಚ್ಚಿಕೊಂಡು.
ಕಣ್ಣು ಕಳ್ಳ,
ಒಮ್ಮೆ ಕಂಡದ್ದನ್ನೇ ಮತ್ತೆ ಕಾಣುತ್ತದೆ.

ಮರಿಯ ಗದ್ದ ಹಿಡಿದು ಕೂತ ಯಮನೂರಪ್ಪ:
"ಕಿವಿಗೇನ್ ಅಂಗಿ ಹೊಲಸ್ತೀರೇನ್ರಿ ಮೇಡಮ್ಮ?"

ಒಂದೇ ಮಗ್ಗ, ಒಂದೇ ಉಣ್ಣೆ, ನೇಯುವ ಕೈಯೂ ಒಂದೇ.
ಆದರೂ ಕಂಬಳಿಯ ಈ ಅಂಚಿಗೂ ಆ ಅಂಚಿಗೂ
ನೂಲೆಳೆಯಷ್ಟು ಹೆಚ್ಚುಕಮ್ಮಿ.
ನನಗೆ ಬೇಕಾದದ್ದು ಆ ನೂಲೆಳೆ, ಯಮನೂರಪ್ಪ.

ಇಲ್ಲಿನ ಕೆಂಪು ಟಗರು ಹಟ್ಟಿಯಲ್ಲೇ ಹುಟ್ಟಿದ್ದು,
ಅದರಪ್ಪನೂ, ಅಪ್ಪನಪ್ಪನೂ.
"ಹೊರಗಿಂದು ತಂದ್ರ ಗುಣ ಕೆಡ್ತೈತಿ" ಅನ್ನುತ್ತಿದ್ದಳಂತೆ ಅವನವ್ವ.
ಅವಳು ತೀರಿಕೊಂಡ ವರ್ಷ
ಬಳ್ಳಾರಿ ಕಡೆಯ ಕರಿ ಟಗರೊಂದು ಬಂತು.
ಈಗ ಒಂದೇ ತಪ್ಪಲು ಮೇಯ್ದ ತಾಯಂದಿರಿಗೆ
ಅರ್ಧ ಮರಿ ಕೆಂಪು, ಅರ್ಧ ಬೆರಕೆ.

ಕೆಂಪು ಮರಿಗಳಲ್ಲಿ ಎರಡು ಮಿಲಿಮೀಟರ್, ಮೂರು;
ಒಂದಕ್ಕೆ ಎಡ ಉದ್ದ, ಇನ್ನೊಂದಕ್ಕೆ ಬಲ,
ಯಾವ ಕಡೆಗೂ ಒಲವಿಲ್ಲದ ತಪ್ಪು.
ಬೆರಕೆಯವು ಬಹುಪಾಲು ಸಮ.
ಬಹುಪಾಲು, ಅಷ್ಟೇ.
ಹಟ್ಟಿಗೆಲ್ಲ ದೊಡ್ಡ ವ್ಯತ್ಯಾಸ ಒಂದು ಚುಕ್ಕೆ ಮರಿಯದು;
ತಂದೆಗೇ ಮಗಳು ಹೆತ್ತ ಕೆಂಪು ಕೂಸು
ಕೂದಲೆಳೆ ತಪ್ಪದೆ ಸರಿಸಮ ನಿಂತು
ನನ್ನ ಪೆನ್ನು ಜಗಿಯುತ್ತಿದೆ.
ಲೆಕ್ಕ ಮಾತಾಡುವುದು ಹಿಂಡಿನ ಬಗ್ಗೆ,
ಮರಿಯ ಬಗ್ಗೆ ಅಲ್ಲ.

ಚಾ ತಂದ ಹುಲಿಗೆವ್ವ ನನ್ನನ್ನೇ ನೋಡಿದಳು.
"ನಿಮ್ಮ ಚಸ್ಮಾ ಸೊಟ್ಟೈತಲ್ರಿ."

ಹೌದು. ಕೊಪ್ಪಳದ ಅಂಗಡಿಯವ ಎರಡು ಸಲ ಬಗ್ಗಿಸಿ ನೋಡಿ
ಕೊನೆಗೆ ಮೆಲ್ಲಗೆ ಹೇಳಿದ್ದ:
"ಕಡ್ಡಿ ನೆಟ್ಟಗೈತ್ರಿ ಅಕ್ಕಾರ. ಕಿವಿನ ಮ್ಯಾಲ ಕೆಳಗ."
ನನ್ನವ್ವನನ್ನು ಕೊಟ್ಟದ್ದು ಅವಳ ಸೋದರಮಾವನಿಗೆ,
ಅಜ್ಜಿಯನ್ನೂ ಹಾಗೇ.
ಹೊಲ ಹೊರಗೆ ಹೋಗಬಾರದು,
ಬಂಗಾರ ಹೊರಗೆ ಹೋಗಬಾರದು, ಗುಣ ಕೆಡುತ್ತದೆ.
ಅದಕ್ಕೇ ಇದು ಎನ್ನಲಾರೆ;
ಒಂದು ಮೈಯ ಸಾಕ್ಷಿ ಯಾವ ಪಟ್ಟಿಯಲ್ಲೂ ನಿಲ್ಲದು.
ಆದರೂ ಒಂದು ರಾತ್ರಿ ಬಾಗಿಲು ಹಾಕಿಕೊಂಡು
ನನ್ನೆರಡು ಮಣಿಕಟ್ಟು ಅಳೆದಿದ್ದೇನೆ,
ಮೂರು ಸಲ, ಹಿಂದಿನ ಅಂಕಿ ಮುಚ್ಚಿಕೊಂಡು.
ಮೂರೂ ಬೇರೆ ಬೇರೆ ಬಂದವು.
ಕೈ ನಡುಗಿದ್ದೋ, ಮೈಯೇ ಹಾಗೋ.

"ಕೊಡ್ರಿ ಇತ್ತ" ಎಂದು ಕನ್ನಡಕ ಕಿತ್ತುಕೊಂಡ ಹುಲಿಗೆವ್ವ
ಸೆರಗಿನ ಗಂಟಿನಿಂದ ಕರಿ ಉಣ್ಣೆಯ ಎಳೆ ತೆಗೆದು
ಎಡಗಡ್ಡಿಗೆ ನಾಲ್ಕು ಸುತ್ತು ಸುತ್ತಿ,
ಹಲ್ಲಲ್ಲಿ ಕಡಿದು, ಏರಿಸಿದಳು.
ಕಿವಿ ತುಸು ತುರಿಸಿತು. ಕುರಿಯ ವಾಸನೆ.
ಗುಡ್ಡ ನೆಟ್ಟಗಾಯಿತು.

ಯಮನೂರಪ್ಪ ಮುಂದಿನ ಮರಿಯ ಗದ್ದ ಹಿಡಿದ.
ನಲವತ್ತೊಂದನೆಯದು, ಕೆಂಪು.
ಎಡಗಿವಿ.