ಒಂದೂವರೆ ಇಂಚು

ಹಳೆಯವರು ಬಾಗಿಲು ಹಾಕುತ್ತಾರಂತೆ, ತಿಂಗಳ ಕೊನೆಗೆ.
ಇಮೇಲ್ ಬಂದಿದೆ, ಬಹಳ ವಿನಯದಲ್ಲಿ:
ನಿಮ್ಮ ಸಾಮಾನು ನೀವೇ ಒಯ್ಯತಕ್ಕದ್ದು.
ಪಗಡಿ ಖೋಲಿ ಖಾಲಿ ಮಾಡಿಸಿದ ಹಾಗಾಯ್ತಲ್ಲೇ, ಎಂದೆ.
ಪ್ರಾಜಕ್ತಾ ನಗಲಿಲ್ಲ. ದಿವಾದ ಹುಡುಗಿ,
ಈ ವರ್ಷವೇ ಎರಡು ಸಲ ಮನೆ ಬದಲಿಸಿದ್ದಾಳೆ.

ಸಾಮಾನೆಂದರೆ ಅಳತೆ.
ಮಾಟುಂಗದ ಈ ಹನ್ನೊಂದಡಿ ಅಂಗಡಿಯಲ್ಲಿ
ನನ್ನ ಟೇಪು ಸುತ್ತಿ ಬಂದ ಮೈಗಳೆಲ್ಲ:
ಎದೆ, ಸೊಂಟ, ತೋಳು, ಬೆನ್ನಿನ ಕತ್ತಿನ ಆಳ.
ಮೊದಲು ಕೆಂಪು ಬೈಂಡಿನ ಪುಸ್ತಕದಲ್ಲಿದ್ದವು.
ಒಂದು ಮಳೆಗಾಲ ಕಿಂಗ್ಸ್ ಸರ್ಕಲ್ಲಿನ ನೀರು ಒಳಗೆ ಬಂದು
ಪುಸ್ತಕ ಇಡ್ಲಿಯಂತೆ ಉಬ್ಬಿದ ಮೇಲೆ
ಒಂದೊಂದೇ ಹಾಳೆಗೆ ಇಸ್ತ್ರಿ ಹಾಕಿ, ಫೋಟೋ ಹೊಡೆದು,
ಮೋಡಕ್ಕೆ ಏರಿಸಿದೆವು.
ನೀರಿಗೆ ಹೆದರಿ ಮೋಡಕ್ಕೆ!

ಆಮೇಲೆ ಅಂಗಡಿಯಲ್ಲಿ ಬರೆದದ್ದು
ನಾನಿನ್ನೂ ದಾದರ್ ಸೇತುವೆಯಲ್ಲಿ ತಳ್ಳಿಸಿಕೊಳ್ಳುತ್ತಿರುವಾಗಲೇ
ಡೊಂಬಿವಲಿಯ ಮನೆ ಸೇರಿ ಕೂತಿರುತ್ತಿತ್ತು.

ಈಗ ಹೊಸಬರು. ಬಾಡಿಗೆ ಕಡಿಮೆ, ಜಾಗ ಧಾರಾಳ,
ಷರತ್ತು ಮಾತ್ರ ಒಂದು: ಯಂತ್ರ ಮೂರೇ.
ಪ್ರಾಜಕ್ತಾ ಹಳೆಯ ಪಟ್ಟಿ ತೆರೆದಳು.
ಅಂಗಡಿ ಕಂಪ್ಯೂಟರ್. ನನ್ನ ಫೋನು. ಮನೆಯದು.
ನಾಲ್ಕನೆಯದು, ಇಲಿಯಾಸ್ ಮಾಸ್ಟರ್.
ಕೊನೆಯ ಸಿಂಕ್: ೧,೧೩೮ ದಿನಗಳ ಹಿಂದೆ.
"ಕಾಢೂ ಕಾ, ಮಾವಶಿ?"

ತಡಿ, ಎಂದೆ. ಕಟಿಂಗ್ ಚಾ ತರಿಸಿದೆ.

ಕಿವಿಯ ಹಿಂದೆ ಸದಾ ಸೀಮೆಸುಣ್ಣದ ಚೂರು.
ಕಣ್ಣಿಗೆ ಪೊರೆ ಬಂದ ಮೇಲೂ ಬೆರಳಲ್ಲೇ ಎಳೆ ನೋಡಿ
ಕತ್ತರಿ ಇಡುತ್ತಿದ್ದರು.
ಒಂದು ದಿನ ರೇಷ್ಮೆಯ ಬದಲು ತಮ್ಮ ಲುಂಗಿಯ ಅಂಚನ್ನೇ ಕತ್ತರಿಸಿ,
ತಾವೇ ನಕ್ಕು,
ಸಂಜೆಯ ಗಾಡಿಗೆ ಮಿರಜಿಗೆ ಹೊರಟರು, ಮಗಳ ಮನೆಗೆ.
ಆ ನಂಬರು ಈಗ ಯಾವುದೋ ಔಷಧದ ಅಂಗಡಿಯದು.
ಬಕ್ರೀದಿಗೆ ಫೋನು ಹಚ್ಚಿದರೆ
ಚೀಟಿ ಕಳಿಸಿ, ಮಾತ್ರೆ ಕಳಿಸ್ತೀವಿ ಅಂದರು.

ಇರಲಿ ಬಿಡು ಪ್ರಾಜಕ್ತಾ,
ತಿಂಗಳ ಕೊನೆಗೆ ತಾನಾಗೇ ಹೋಗುತ್ತದೆ.

ಹಸಿರು ಗೆರೆ ತೆವಳತೊಡಗಿತು.
ಅರ್ಧ ದಾರಿಯಲ್ಲಿ ಹೊಸಬರ ತಕರಾರು:
ನೂರಾರು ಹೆಸರಿಗೆ ಎರಡೆರಡು ಪ್ರತಿ ಇವೆ,
ಒಂದಕ್ಕೊಂದು ತಾಳೆಯಾಗುವುದಿಲ್ಲ, ಯಾವುದನ್ನು ಇಟ್ಟುಕೊಳ್ಳಲಿ?
ತೆರೆದು ನೋಡಿದೆ.
ವತ್ಸಲಾ ಹಟ್ಟಂಗಡಿ, ಸೊಂಟ:
ನನ್ನದು ಮೂವತ್ತನಾಲ್ಕು, ಮಾಸ್ಟರದು ಮೂವತ್ತೈದೂವರೆ.
ಖೋರ್ಶೇದ್ ಬಾಯಿ:
ನನ್ನದು ನಲವತ್ತು, ಮಾಸ್ಟರದು ನಲವತ್ತೊಂದೂವರೆ.
ಎಲ್ಲರಲ್ಲೂ ಅದೇ ಒಂದೂವರೆ.

ಇಷ್ಟು ವರ್ಷ ನನ್ನ ಲೆಕ್ಕಕ್ಕೇ ಕತ್ತರಿಸುತ್ತಾರೆ ಅಂದುಕೊಂಡಿದ್ದೆ.
ಬಟ್ಟೆ ಯಾಕೆ ಸಾಲುವುದಿಲ್ಲ ಎಂದು
ಪೀಸಿನ ಅಂಗಡಿಯ ಮೆಹ್ತಾನ ಜೊತೆ ಜಗಳವಾಡಿದ್ದೆ.
ಹೆರಿಗೆ ಮುಗಿಸಿ ಬಂದವರು, ಥೈರಾಯ್ಡಿನವರು,
ಹಳೇ ರವಿಕೆ ಹಿಡಿದು ಮುಖ ಸಣ್ಣ ಮಾಡಿ ಬಂದವರು:
ಹೊಲಿಗೆ ಬಿಚ್ಚಿದರೆ ಒಳಗೆ ಬಟ್ಟೆ ಕಾದು ಕೂತಿರುತ್ತಿತ್ತು.
ನಿಮ್ಮ ಕೈಗುಣ ಅಕ್ಕಾ, ಅನ್ನುತ್ತಿದ್ದರು.
ಹೌದೆಂದು ತಲೆಯಾಡಿಸಿ ನೂರು ರೂಪಾಯಿ ತಗೊಂಡಿದ್ದೇನೆ.

ಎರಡೂ ಇರಲಿ.

ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ನೋಡಿದರೆ ಎಲ್ಲ ಬಂದಿಳಿದಿವೆ,
ಎಲ್ಲದರ ಮೇಲೂ ಇವತ್ತಿನದೇ ತಾರೀಖು.
ಶಾಲೆಗೆ ಸೇರಿಸಿದ ದಿನ ಮಾಸ್ತರು
ನಮಗೆಲ್ಲ ಜೂನ್ ಒಂದು ಬರೆದುಕೊಂಡ ಹಾಗೆ.
ತೀರಿಕೊಂಡ ಮಿಸೆಸ್ ಲೋಬೋ ಕೂಡ
ಇವತ್ತು ಹುಟ್ಟಿದ್ದಾರೆ, ಎದೆ ಮೂವತ್ತೆಂಟು.

ಒಂದೇ ಒಂದು ಕಡತ ಬಾಗಿಲಲ್ಲಿ ನಿಂತಿದೆ.
ಮಾಸ್ಟರು ಇಟ್ಟ ಹೆಸರು: 'ಕಿಸ್ಕಾ ಹೈ?'
ಒಳಗೆ ಬರೀ ಅಂಕಿ. ಎದೆ, ತೋಳು, ಉದ್ದ. ಊರಿಲ್ಲ, ಫೋನಿಲ್ಲ.
ಹೆಸರಲ್ಲಿ ಪ್ರಶ್ನೆಯ ಗುರುತಿದ್ದರೆ
ಹೊಸಬರು ಒಳಗೆ ಬಿಡುವುದಿಲ್ಲವಂತೆ.

ಗುರುತು ಅಳಿಸಿದೆ. ಸರಕ್ಕನೆ ಹೋಯಿತು.
ಪ್ರಶ್ನೆ ಹಳೆಯ ಮನೆಯಲ್ಲಿದೆ,
ತಿಂಗಳ ಕೊನೆಯವರೆಗೆ.