ಐದನೆಯ ಎಲೆ

ಕೂರಿ, ಮೊಸ್ಯೂ ಫ್ರೇಪೋಂ. ಟೋಪಿ ಅಲ್ಲಿಡಿ.
ಮೊದಲು ಒಂದೊಂದು ಮನೆಗೂ ಪೆನ್ಸಿಲು ತೂರಿಸಿ ನೋಡುತ್ತೇನೆ.
ಆರು ಮನೆ, ಆರೂ ಖಾಲಿ. ಸರಿ.
ಖಾಲಿಯೆಂದು ನೀವು ಹೇಳಿದಿರಿ, ನಿಜ.
ಹೇಳಿದ್ದನ್ನು ನಂಬಿದವರಿಗೆ
ಈ ಕಸುಬಿನಲ್ಲಿ ಹತ್ತು ಬೆರಳೂ ಉಳಿಯುವುದಿಲ್ಲ.

ಎಲ್ಲಿ ಸಿಕ್ಕಿತು? ಮ್ಯೂಸ್ ದಂಡೆಯ ಭಾನುವಾರದ ಸಂತೆಯಲ್ಲೇ,
ಕೋಳಿಮರಿ ಮಾರುವವನ ಪಕ್ಕ?
ಯಾವುದೋ ರಾಜನ ಕಾಣಿಕೆ ಎಂದನೇ?
ಅವನ ಅಂಗಡಿಯಲ್ಲಿ ವಾರಕ್ಕೊಬ್ಬ ರಾಜ ಸಾಯುತ್ತಾನೆ.

ದೀಪ ಇತ್ತ ತಿರುಗಿಸಿ. ನೇರ ಬೆಳಕು ಬೇಡ,
ಓರೆ ಬೆಳಕಿಗೆ ಮಾತ್ರ ಗೀರು ಬಾಯಿ ಬಿಡುತ್ತದೆ.
ಇಗೋ, ಮೊಟ್ಟೆಯಾಕಾರದೊಳಗೆ ಮೂರಕ್ಷರ,
ನಮ್ಮ ಲಿಯೇಜಿನ ಪರೀಕ್ಷೆಯ ಮುದ್ರೆ.
ತಲೆಯ ಮೇಲೊಂದು ಕಿರೀಟ,
ಅಂದರೆ ಸಾವಿರದ ಎಂಟುನೂರ ತೊಂಬತ್ತಮೂರರಿಂದ ಈಚಿನದು.
ನಿಮ್ಮ ರಾಜ ಆಗಲೇ ಮಣ್ಣಾಗಿದ್ದ.

ಚೌಕಟ್ಟಿನ ಮೇಲೆ ನಾನೂರ ಹದಿನೇಳು.
ಸಿಲಿಂಡರಿಗೂ ನಾನೂರ ಹದಿನೇಳು.
ಹಿಡಿಯ ಮರ ಬಿಚ್ಚಿದರೆ ಒಳಮೈಯಲ್ಲಿ
ಪೆನ್ಸಿಲಿನ ಮಾಸಲು ನಾನೂರ ಹದಿನೇಳು.
ಒಂದೇ ಸಂಸಾರ. ಯಾರೂ ಬೇರೆ ಮನೆ ಮಾಡಿಲ್ಲ.
ಈ ತಿರುಪಿನ ತಲೆಯ ಸೀಳು ಮಾತ್ರ ಕಿತ್ತುಹೋಗಿದೆ,
ಯಾರೋ ಅಡುಗೆಯ ಚಾಕುವಿನಿಂದ ತಿರುಗಿಸಿದ್ದಾರೆ.
ನಳಿಗೆಯೊಳಗೆ ಕನ್ನಡಿ.
ಪರೀಕ್ಷೆಯ ದಿನ ಕೆಮ್ಮಿದ್ದು ಬಿಟ್ಟರೆ
ಇದು ಜನ್ಮದಲ್ಲಿ ಮಾತಾಡಿಲ್ಲ.

ಎಡಮೈ ಯಾಕೆ ಹೀಗೆ ಹೊಳೆಯುತ್ತಿದೆ?
ನೀವೇ?
ಹಿತ್ತಾಳೆ ಬೆಳಗುವ ಪುಡಿ ಹಾಕಿ?
ಅಯ್ಯೋ ಮಹರಾಯ,
ನೂರು ವರ್ಷ ಕೂತು ಬಂದ ಕಂದು ಬಣ್ಣವನ್ನು
ಒಂದು ಮಧ್ಯಾಹ್ನದಲ್ಲಿ ಓಡಿಸಿಬಿಟ್ಟಿರಿ.
ಎಲೆಗಳ ನರ ಸವೆದು ಬರೀ ಗುರುತು ಉಳಿದಿದೆ,
ಮುಖ ತೊಳೆಯಹೋಗಿ ಮೂಗು ಕಳಕೊಂಡ ಹಾಗೆ.
ಬಲಮೈಗೆ ಬರುವಷ್ಟರಲ್ಲಿ ಫೋನು ಬಂತೇ?
ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಭೂತಗನ್ನಡಿ ಕೊಡಿ.
ಬಳ್ಳಿ ನಳಿಗೆಯ ಬುಡದಲ್ಲಿ ಹುಟ್ಟಿ
ಕುದುರೆಯ ಕತ್ತು ಬಳಸಿ ಕೆಳಗಿಳಿಯುತ್ತದೆ.
ಒಂದು, ಎರಡು, ಮೂರು, ನಾಲ್ಕು...

ತಡೆಯಿರಿ.

ಐದನೆಯ ಎಲೆಯಲ್ಲಿ ಉಳಿ ಜಾರಿದೆ.
ಉಕ್ಕಿಗೆ ರಬ್ಬರಿಲ್ಲ, ಮೊಸ್ಯೂ, ಜಾರಿದ್ದು ಜಾರಿದ್ದೇ.
ಆ ಜಾರಿದ ಗೀರನ್ನೇ ಸುತ್ತಿಸಿ, ಮತ್ತೂ ಸುತ್ತಿಸಿ
ಅವಳು ಅಲ್ಲೊಂದು ಬಸವನಹುಳು ಕೂರಿಸಿದ್ದಾಳೆ,
ಅರ್ಧ ಅಕ್ಕಿಕಾಳಿನಷ್ಟು. ಎರಡು ಕೊಂಬು ಬೇರೆ.

ಅವಳು ಎಂದೆನೇ?
ಓನೋರೀನ್. ನನ್ನ ಅಜ್ಜಿ.
ಹೆರ್ಸ್ಟಾಲಿನಲ್ಲಿ, ಕಲ್ಲಿದ್ದಲ ಮಸಿ ಕೂತ ಕಿಟಕಿಯ ಪಕ್ಕ,
ಕೈಯಲ್ಲಿ ಉಳಿ, ಕಾಲಲ್ಲಿ ತೊಟ್ಟಿಲ ಹಗ್ಗ.
ತೊಟ್ಟಿಲು ಚೀರಿದಾಗ ಉಳಿ ಜಾರುತ್ತಿತ್ತು,
ಜಾರಿದ ಕಡೆಯೆಲ್ಲ ಹುಳು ಹುಟ್ಟುತ್ತಿತ್ತು.
ಚೀರಿದವಳು ನನ್ನ ತಾಯಿ.
ಹೇಳಿದ್ದಳು. ಕಂಡದ್ದು ಇವತ್ತೇ,
ಎಪ್ಪತ್ತೆಂಟನೆಯ ವಯಸ್ಸಿಗೆ.
ಕಾರ್ಖಾನೆಯ ಪುಸ್ತಕದಲ್ಲಿರುವುದು ಅಜ್ಜನ ಹೆಸರು.
ಶನಿವಾರ ಹೋಗಿ ಕೂಲಿ ಎಣಿಸಿಕೊಂಡು
ದಾರಿಯ ಸಾರಾಯಿ ಅಂಗಡಿಗೆ ಸುಂಕ ಕಟ್ಟಿ
ಮಿಕ್ಕಿದ್ದನ್ನು ಮನೆಗೆ ತರುವುದು ಅವನ ಕಲೆ.

ಬೆಲೆಯೇ?
ಅರ್ಧ ನೀವೇ ಉಜ್ಜಿ ಚರಂಡಿಗೆ ಬಿಟ್ಟಿರಿ.
ಹರಾಜಿನವರು ಹುಳುವನ್ನು ದೋಷವೆಂದು ಬರೆದು
ಇನ್ನಷ್ಟು ಇಳಿಸುತ್ತಾರೆ. ಬರೆಯಲಿ.
ನೀವು ಕೇಳಿಸಿಕೊಳ್ಳಿ:
ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮದ ಹುಳಿ ಉಕ್ಕನ್ನು ತಿನ್ನುತ್ತದೆ.
ವರ್ಷಕ್ಕೊಮ್ಮೆ ಮೇಣ, ಉಗುರಿನಷ್ಟು, ಹತ್ತಿಯ ಬಟ್ಟೆಯಲ್ಲಿ.
ಸುಮ್ಮನೆ ಕುದುರೆ ಎಳೆದು ಟಪ್ಪೆನ್ನಿಸಬೇಡಿ, ಮೊಮ್ಮಕ್ಕಳ ಮುಂದಂತೂ.
ಆ ಕಿತ್ತ ತಿರುಪು ಇರಲಿ ಬಿಡಿ,
ಚಾಕು ಹಿಡಿದವರೂ ಇದರ ಮನೆಯವರೇ.
ಕೈಗವಸಿಲ್ಲದೆ ಮುಟ್ಟಲೇಬೇಡಿ.
ಬೆವರಿನ ಉಪ್ಪು ಸಾಕು,
ವಾರದೊಳಗೆ ಬೆರಳಚ್ಚು ತುಕ್ಕಾಗಿ ಏಳುತ್ತದೆ.

ನನಗೇನೂ ಕೊಡಬೇಡಿ.
ಒಂದು ಗಳಿಗೆ ಕಿಟಕಿಯ ಕಡೆ ನೋಡುತ್ತೀರಾ,
ನಾನು ಈ ಗವಸು ಬಿಚ್ಚಬೇಕು.
ಆಮೇಲೆ ಒರೆಸಿಬಿಡುತ್ತೇನೆ.